ಒಂದು ಬ್ಯಾಕ್‌ಸ್ಲ್ಯಾಷ್‌ಗೆ ಎಂಟು ಬ್ಯಾಕ್‌ಸ್ಲ್ಯಾಷ್

ಒಂದು ಚಿಕ್ಕ ಚಿತ್ರವನ್ನು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನ ಬೈಟಿಯಾ ಕಾಲಮ್ಮಿಗೆ, ಅಂದರೆ ಕಚ್ಚಾ ಬೈಟುಗಳನ್ನಿಡುವ ಕಾಲಮ್ಮಿಗೆ, ಸೇರಿಸುವಷ್ಟರಲ್ಲಿ ನನಗೆ ಸಾಕುಸಾಕಾಗಿ ಹೋಗುತ್ತದೆ. ನೇರವಾಗಿ ಬರೆಯಲಾಗದ ಬೈಟುಗಳನ್ನು ಸಂಕೇತಗಳಲ್ಲಿ ಬರೆಯುವ ಹಳೆಯ ಎಸ್ಕೇಪ್ ಪದ್ಧತಿಯಲ್ಲಿ ಸೊನ್ನೆ ಬೈಟನ್ನು ಬ್ಯಾಕ್‌ಸ್ಲ್ಯಾಷ್ (\) ಹಾಗೂ ಮೂರು ಸೊನ್ನೆಗಳಾಗಿ ಬರೆಯಬೇಕು. ದತ್ತಾಂಶದೊಳಗೇ ಬ್ಯಾಕ್‌ಸ್ಲ್ಯಾಷ್ ಬಂದರೆ ಅದನ್ನು ಎರಡಾಗಿಸಬೇಕು. ಸಾಮಾನ್ಯ ಸ್ಟ್ರಿಂಗ್‌ನಲ್ಲೂ (ಉದ್ಧರಣ ಚಿಹ್ನೆಗಳೊಳಗಿನ ಪಠ್ಯದಲ್ಲೂ) ಬ್ಯಾಕ್‌ಸ್ಲ್ಯಾಷ್‌ಗೆ ವಿಶೇಷ ಅರ್ಥವಿದ್ದ, ಪೋಸ್ಟ್‌ಗ್ರೆಸ್ 9.1ಕ್ಕಿಂತ ಹಿಂದಿನ ಆವೃತ್ತಿಗಳಿಗೆಂದು ಬರೆದ ಕೋಡಿನಲ್ಲಿ ಆ ಎರಡು ಮತ್ತೆ ನಾಲ್ಕಾಗುತ್ತವೆ. ಅದೇ ಸಾಲನ್ನು ಸಿ ಭಾಷೆಯ ಸ್ಟ್ರಿಂಗ್‌ನೊಳಗೆ ಬರೆದರೆ ಎಂಟು! ಇದನ್ನು ಬರಿಗಣ್ಣಿನಿಂದ ಎಣಿಸಿ ಸರಿಪಡಿಸುವವರ ಪಾಡನ್ನು ಯಾರಿಗೆ ಹೇಳುವುದು?

2010ರಲ್ಲಿ ಬಂದ 9.0 ಆವೃತ್ತಿಯು ಹೆಕ್ಸ್ ರೂಪವನ್ನು, ಅಂದರೆ ಬೈಟುಗಳನ್ನು ಹದಿನಾರರ ಮೂಲದ ಅಂಕಿಗಳಲ್ಲಿ ಬರೆಯುವ ಕ್ರಮವನ್ನು, ತಂದಿತು. ಪ್ರತಿ ಬೈಟಿಗೆ ಎರಡು ಅಂಕಿಗಳು ಬೇಕಾಗುವುದರಿಂದ ಪಠ್ಯದ ಗಾತ್ರ ಇಮ್ಮಡಿಯಾಗುತ್ತದೆ, ಆದರೆ ಗೊಂದಲವಿಲ್ಲ; ಇದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಸಮಸ್ಯೆಯೆಂದರೆ, ಹೊರಗೆ ಕೊಡುವ ರೂಪವೂ ತಾನಾಗಿಯೇ ಹೆಕ್ಸ್‌ಗೆ ಬದಲಾಯಿತು. ಅದನ್ನರಿಯದ ಹಳೆಯ ಕ್ಲೈಂಟ್ ಲೈಬ್ರರಿ (ಡೇಟಾಬೇಸ್‌ನೊಡನೆ ಮಾತಾಡುವ ನಮ್ಮ ಕಡೆಯ ಕೋಡು) ಯಾವ ದೋಷಸಂದೇಶವನ್ನೂ ತೋರಿಸದೆ, ಚಿತ್ರದ ಬದಲು ಅಂಕಿಗಳ ಸಾಲನ್ನು ನಮ್ಮ ಕೈಗಿಡುತ್ತದೆ.

ಬೈಂಡ್ ಪ್ಯಾರಾಮೀಟರ್‌ಗಳ ಮೂಲಕ, ಅಂದರೆ ಆದೇಶವಾಕ್ಯದಲ್ಲಿ ಜಾಗವನ್ನಷ್ಟೇ ಕಾಯ್ದಿರಿಸಿ, ಬೈಟುಗಳನ್ನು ಪ್ರತ್ಯೇಕವಾಗಿ ಕಳುಹಿಸಿದರೆ ಈ ಯಾವ ಕಸರತ್ತೂ ಬೇಕಿಲ್ಲ. ಆದರೂ ನನ್ನ ಪಾಲಿಗೆ ಬರುವ ಕೋಡಿನಲ್ಲೆಲ್ಲ ಡೇಟಾಬೇಸ್‌ಗೆ ಆದೇಶ ಕೊಡುವ ಎಸ್‌ಕ್ಯೂಎಲ್ ವಾಕ್ಯವನ್ನು ತುಂಡು ತುಂಡಾಗಿ ಅಂಟಿಸಿಯೇ ಕಟ್ಟಿರುತ್ತಾರೆ. ನಾನು ಬ್ಯಾಕ್‌ಸ್ಲ್ಯಾಷ್ ಎಣಿಸುತ್ತಾ ಕೂರುತ್ತೇನೆ.