ಎಸ್‌ಡಿಎಂಸಿ ಗೆದ್ದವರ ಕೈಗೆ ಶಾಲೆಯ ಬಜೆಟ್ ಹೋಗುತ್ತದಾ?

"ಎಸ್‌ಡಿಎಂಸಿಗೆ ಆಯ್ಕೆಯಾದವರ ಕೈಗೆ ಶಾಲೆಯ ಬಜೆಟ್ ಪೂರ್ತಿ ಹೋಗುತ್ತದೆ, ಪೋಷಕರು ತಿಂಗಳಿಗೆ 100 ರೂಪಾಯಿ ಕಟ್ಟಲೇಬೇಕು" ಅನ್ನೋ ಮೆಸೇಜ್ ದಾವಣಗೆರೆ, ಹರಿಹರ ಕಡೆ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಎಸ್‌ಡಿಎಂಸಿ ಅಂದ್ರೆ ಸರ್ಕಾರಿ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಮೆಸೇಜ್‌ನ ಎರಡೂ ಮಾತು ಸರಿಯಲ್ಲ.

ಸರ್ಕಾರಿ ಶಾಲೆಯ ಖರ್ಚಿನಲ್ಲಿ ದೊಡ್ಡ ಪಾಲು ಶಿಕ್ಷಕರ ಸಂಬಳ. ಅದು ಸರ್ಕಾರದಿಂದ ನೇರವಾಗಿ ಬರುತ್ತದೆ, ಸಮಿತಿ ಮುಟ್ಟುವಂತಿಲ್ಲ. ಸಮಿತಿಯ ಮುಂದೆ ಬರುವುದು ಶಾಲಾ ಅನುದಾನದಂಥ ಸಣ್ಣ ಮೊತ್ತ. ಸಮಗ್ರ ಶಿಕ್ಷಣ ಎಂಬ ಸರ್ಕಾರಿ ಯೋಜನೆಯ ಲೆಕ್ಕದಲ್ಲಿ 80 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 25,000 ರೂಪಾಯಿ. ಚಾಕ್‌ಪೀಸ್, ಕರೆಂಟ್ ಬಿಲ್, ಮುರಿದ ನಲ್ಲಿ, ಶೌಚಾಲಯದ ಫಿನಾಯಿಲ್ ಎಲ್ಲ ಇದರಲ್ಲೇ ಆಗಬೇಕು. ಇಷ್ಟು ದುಡ್ಡು ಹೊಡೆಯೋಕೆ ಸಮಿತಿಗೆ ಪೈಪೋಟಿ ಮಾಡ್ತಾರೆ ಅನ್ನೋದು ಸ್ವಲ್ಪ ಜಾಸ್ತಿಯಾಯ್ತು, ಅಲ್ವಾ? ಆ ಹಣವನ್ನೂ ಸಮಿತಿ ಅಧ್ಯಕ್ಷರು ಒಬ್ಬರೇ ತೆಗೆಯಲಾಗದು, ಮುಖ್ಯ ಶಿಕ್ಷಕರೂ ಒಪ್ಪಬೇಕು.

ಇನ್ನು 100 ರೂಪಾಯಿ ಮಾತು ಸುಮ್ನೆ ಹುಟ್ಟಿದ್ದಲ್ಲ. 2022ರ ಅಕ್ಟೋಬರ್‌ನಲ್ಲಿ ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದೆಂಬ ಸುತ್ತೋಲೆ ಬಂದಿತ್ತು. ವಿರೋಧ ಎದ್ದ ಮೇಲೆ ಕೆಲವೇ ದಿನಗಳಲ್ಲಿ ವಾಪಸ್ ಆಯಿತು. ಆಗಲೂ ಅದು ಕಡ್ಡಾಯವಾಗಿರಲಿಲ್ಲ. ಈಗ ಯಾರಾದರೂ ಅದನ್ನು ತೋರಿಸಿ ದುಡ್ಡು ಕೇಳಿದರೆ ಕೊಡಬೇಡಿ, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ತಿಳಿಸಿ.