ಆಲದಮರ ಫೈನಲ್ ನ್ಯೂ ಓಕೆ

ಭಾನುವಾರ ಬೆಳಗಿನ ಜಾವ ನಾಲ್ಕೂಮುಕ್ಕಾಲು. ಎಡಗೈಯಲ್ಲಿ ವಾಚು, ಬಲಗೈಯಲ್ಲಿ ಫೋನು. ಎರಡನ್ನೂ ಮುಖಾಮುಖಿ ಹಿಡಿದುಕೊಂಡು ಡೈನಿಂಗ್ ಟೇಬಲ್ ಮುಂದೆ ಕೂತಿದ್ದೆ. ಫೋನಿನಲ್ಲಿ ಸಿಂಕ್ ಆಗುತ್ತಿದೆ ಅಂತ ಒಂದು ಚಕ್ರ ತಿರುಗುತ್ತಿತ್ತು. ಹತ್ತು ನಿಮಿಷದಿಂದ ಅದೇ ಚಕ್ರ. ನೀರು ಕುಡಿಯಲು ಎದ್ದ ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು.

"ಏನ್ರೀ ಅದು, ಹೆಣ್ಣು ನೋಡೋ ಶಾಸ್ತ್ರ ಮಾಡಿಸ್ತಿದೀರಾ?"

"ಜೋಡಿ ಆಗಿದೆ ಕಣೇ. ಮಾತಾಡ್ತಿಲ್ಲ ಅಷ್ಟೆ."

"ಹಾಗಿದ್ರೆ ಮದುವೆ ಆಗಿ ತುಂಬಾ ವರ್ಷ ಆಗಿರ್ಬೇಕು" ಅಂದು ಹೋಗಿ ಮಲಗಿದಳು.

ಇದಕ್ಕೆಲ್ಲ ಕಾರಣ ನಮ್ಮ ಸೈಕಲ್ ಗುಂಪಿನ ರೂಟ್ ಮೇಷ್ಟ್ರು. ಅವರೇನೂ ಪಾಠ ಹೇಳಿದವರಲ್ಲ, ಬ್ಯಾಂಕಿನಲ್ಲಿದ್ದು ರಿಟೈರ್ ಆದವರು. ಭಾನುವಾರ ಯಾವ ರಸ್ತೆಯಲ್ಲಿ ಹೋಗಬೇಕು ಅಂತ ಕಂಪ್ಯೂಟರಿನಲ್ಲಿ ಗೆರೆ ಎಳೆದು, ಜಿಪಿಎಕ್ಸ್ ಫೈಲ್ ಮಾಡಿ ನಮ್ಮ ವಾಟ್ಸಾಪ್ ಗುಂಪಿಗೆ ಹಾಕುವುದು ಅವರ ಕೆಲಸ. ನಾವು ಅದನ್ನು ವಾಚಿಗೆ ಹಾಕಿಕೊಂಡು, ವಾಚು ತೋರಿಸಿದ ಗೆರೆಯ ಮೇಲೆ ತುಳಿಯಬೇಕು. ಫೋನ್ ನೋಡಿಕೊಂಡು ಹೋಗುವ ಹಾಗಿಲ್ಲ. "ಅದೇನು ಸೈಕ್ಲಿಂಗಾ, ಫುಡ್ ಡೆಲಿವರೀನಾ?" ಅಂತಾರೆ.

ಒಂದೇ ಫೈಲ್ ಕಳಿಸಿದರೆ ನನ್ನದೇನೂ ತಕರಾರಿಲ್ಲ. ಶನಿವಾರ ಸಂಜೆ ಏಳಕ್ಕೆ ಬಂತು, "ಆಲದಮರ ಮಂಚನಬೆಲೆ". ಅಂದರೆ ಬೆಂಗಳೂರಿನಿಂದ ದೊಡ್ಡ ಆಲದಮರದ ಮೇಲೆ ಹಾಯ್ದು ಮಂಚನಬೆಲೆ ಅಣೆಕಟ್ಟಿಗೆ. ಹಾಕಿಕೊಂಡೆ. ಒಂಬತ್ತಕ್ಕೆ "ಆಲದಮರ ಮಂಚನಬೆಲೆ ಫೈನಲ್". ಕುಂಬಳಗೋಡಿನ ಹತ್ತಿರ ಒಂದು ಕೋಳಿ ಅಂಗಡಿ ಮುಂದೆ ಕರಿನಾಯಿ ಇದೆಯಂತೆ, ಅದಕ್ಕೆ ಮೇಷ್ಟ್ರ ಎಡಗಾಲಿನ ಮೀನಖಂಡದ ಹಳೇ ಪರಿಚಯ. ನಾಯಿಯನ್ನು ತಪ್ಪಿಸಿ ಹೊಸ ಗೆರೆ. ಹತ್ತೂಕಾಲಿಗೆ "ಫೈನಲ್ ನ್ಯೂ". ಆಲದಮರ ಆದ ಮೇಲಿನ ದಾರಿ ಅವರಿಗೆ ಯಾಕೋ ಸರಿ ಬರಲಿಲ್ಲ. ನಾನು ಹಲ್ಲುಜ್ಜಿ, ದೀಪ ಆರಿಸಿ, ಹೊದ್ದುಕೊಂಡ ಮೇಲೆ ಹನ್ನೊಂದು ನಲವತ್ತಕ್ಕೆ "ಫೈನಲ್ ನ್ಯೂ ಓಕೆ". ಈ ಓಕೆ ಯಾರು ಯಾರಿಗೆ ಹೇಳಿದ್ದೋ ಗೊತ್ತಾಗಲಿಲ್ಲ. ಕೆಳಗೆ ಒಂದು ಸಾಲು: "ಸ್ವಲ್ಪವೇ ವ್ಯತ್ಯಾಸ, ಹಾಕ್ಕೊಳಿ." ಬಳೆ ಹಾಕ್ಕೊಳಿ ಅನ್ನುವಷ್ಟು ಸಲೀಸಾಗಿ.

ಹಾಕಿಕೊಳ್ಳುವುದು ಅಂದರೇನು, ನಿಮಗೆ ಗೊತ್ತೇ ಇದೆ. ಫೈಲ್ ಒತ್ತಿದರೆ ಯಾವುದರಲ್ಲಿ ತೆರೆಯಲಿ ಅಂತ ಫೋನ್ ಕೇಳುತ್ತದೆ. ಬೇಕಾದ ಆ್ಯಪ್ ಒಂದನ್ನು ಬಿಟ್ಟು ಮಿಕ್ಕ ಎಲ್ಲವನ್ನೂ ಮುಂದಿಡುತ್ತದೆ. ಒಮ್ಮೆ ಬೆರಳು ತಪ್ಪಿ ಅಕ್ಷರ ತೋರಿಸುವ ಆ್ಯಪ್‌ನಲ್ಲಿ ತೆರೆದುಬಿಟ್ಟೆ. 12.9 ಚಿಲ್ಲರೆ, 77.4 ಚಿಲ್ಲರೆ ಅಂತ ಸಾವಿರಾರು ಸಾಲು. ಅಕ್ಷಾಂಶ, ರೇಖಾಂಶ. ಮೇಷ್ಟ್ರ ಇಡೀ ಶನಿವಾರ ಅದರಲ್ಲಿತ್ತು. ಸರಿಯಾದ ಆ್ಯಪ್ ಸಿಕ್ಕ ಮೇಲೆ ಓಟವೋ ಸೈಕಲ್ಲೋ ಅಂತ ಹೇಳಬೇಕು, ಉಳಿಸಬೇಕು, ವಾಚಿಗೆ ಕಳಿಸು ಅನ್ನಬೇಕು. ಆಮೇಲೆ ಚಕ್ರ.

ವಾಚಿಗೆ ಜಾಗ ಹೇಳುವ ಜಿಪಿಎಸ್ ಉಪಗ್ರಹಗಳ ಮೇಲೆ ನನಗೆ ಸಿಟ್ಟಿಲ್ಲ. ಪಾಪ, ಅವು ಸುಮಾರು 20,200 ಕಿಲೋಮೀಟರ್ ಮೇಲಿಂದ ಸರಿಯಾಗೇ ಕಳಿಸುತ್ತವೆ. ತೊಂದರೆ ಇರುವುದು ಎಡಗೈಗೂ ಬಲಗೈಗೂ ನಡುವಿನ ಒಂದು ಅಡಿಯಲ್ಲಿ. ದೆಹಲಿಯಿಂದ ಬಂದ ಕಾಗದ ಅಪಾರ್ಟ್‌ಮೆಂಟ್ ಗೇಟಿನಲ್ಲೇ ಉಳಿದುಬಿಡುತ್ತದಲ್ಲ, ಹಾಗೆ.

ಬ್ಲೂಟೂತ್ ಆರಿಸಿ, ಹಚ್ಚಿ, ಫೋನನ್ನೂ ಒಮ್ಮೆ ಆರಿಸಿ ಹಚ್ಚಿದ ಮೇಲೆ ಐದೂಕಾಲಿಗೆ ಫೈಲ್ ಹೋಯಿತು. ವಾಚಿನಲ್ಲಿ ಪಟ್ಟಿ ತೆಗೆದೆ. "ಆಲದಮರ ಮಂ..." "ಆಲದಮರ ಮಂ..." "ಆಲದಮರ ಮಂ..." "ಆಲದಮರ ಮಂ..." ಅಷ್ಟೇ. ಆ ಪುಟಾಣಿ ಪರದೆಗೆ ಹಿಡಿಸುವುದೇ ಅಷ್ಟು. ಮೇಷ್ಟ್ರ ಬುದ್ಧಿಯೆಲ್ಲ ಹೆಸರಿನ ಬಾಲದಲ್ಲಿದೆ, ವಾಚಿಗೆ ಕಾಣುವುದು ತಲೆ ಮಾತ್ರ. (ಇದೂ ಮೇಷ್ಟ್ರು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ. ನಾನೊಮ್ಮೆ ಕನ್ನಡದಲ್ಲಿ ಹೆಸರಿಟ್ಟು ನೋಡಿದ್ದೆ. ಸಾಲಾಗಿ ಐದು ಚೌಕ ಬಂತು, ಖಾಲಿ ಸೈಟುಗಳ ಹಾಗೆ.) ಹೊಸದು ಮೇಲೆ ಇರುತ್ತೆ ಅಂದುಕೊಂಡು ಮೊದಲನೆಯದನ್ನು ಒತ್ತಿದೆ.

ಗೇಟಿನ ಹೊರಗೆ ಸೈಕಲ್ ನಿಲ್ಲಿಸಿ ಹೆಲ್ಮೆಟ್ ಬಕಲ್ ಹಾಕುತ್ತಿದ್ದೆ. ಕೈ ಗುಂಯ್ ಅಂದಿತು. "ಗುರಿ ತಲುಪಿದ್ದೀರಿ." ಹೋಗಿ ಸುತ್ತಿಕೊಂಡು ಅಲ್ಲಿಗೇ ಬರುವ ದಾರಿ ನೋಡಿ, ಶುರುವೂ ಅದೇ ಬೀದಿ, ಕೊನೆಯೂ ಅದೇ ಬೀದಿ. ತುಳಿಯೋ ಮೊದಲೇ ನನ್ನ ಸವಾರಿ ಮುಗಿದಿತ್ತು. ಒಂದು ಕ್ಷಣ ಅದರ ಮಾತು ಕೇಳಿ ವಾಪಸ್ ಹೋಗಿ ಮಲಗೋಣ ಅನ್ನಿಸಿದ್ದು ಸುಳ್ಳಲ್ಲ.

ಗುಂಪು ಅಷ್ಟರಲ್ಲಿ ಕೆಂಗೇರಿ ದಾಟಿತ್ತು. ರಾಮೋಹಳ್ಳಿ, ದೊಡ್ಡ ಆಲದಮರ. ಮೂರು ಎಕರೆ ಹರಡಿರುವ ಆ ಮರದ ಕೆಳಗೆ ಕೋತಿಗಳಿದ್ದವು, ನಮ್ಮವರಿರಲಿಲ್ಲ. ವಾಚು ತೋರಿಸಿದ ತಿರುವಿನಲ್ಲಿ ತಿರುಗಿದೆ. ಗೆರೆ ಬಿಟ್ಟು ಅಂಗುಲ ಆಚೀಚೆ ಹೋಗಲಿಲ್ಲ. ಅರ್ಧ ಗಂಟೆ ತುಳಿದರೂ ಒಬ್ಬರೂ ಕಾಣಲಿಲ್ಲ. ಮೇಷ್ಟ್ರಿಗೆ ಫೋನ್ ಮಾಡಿದೆ.

"ಯಾವ ಫೈಲ್ ಹಾಕ್ಕೊಂಡಿದೀರಿ?"

"ಆಲದಮರ ಮಂ..."

"ಅಯ್ಯೋ, ನಾಲ್ಕೂ ಹಾಗೇ ಶುರುವಾಗೋದು ಕಣ್ರೀ!"

ಏಳು ಗಂಟೆಯದನ್ನು ಹಾಕಿಕೊಂಡಿದ್ದೆ. ಆಗಲೇ ತಲೆಯೆತ್ತಿ ನೋಡಿದ್ದು. ದೂರದಲ್ಲಿ ಬೆಳ್ಳಗೆ ಒಂದು ತಟ್ಟೆ. ಬ್ಯಾಲಾಳು! ಇಸ್ರೋದ 32 ಮೀಟರ್ ಅಗಲದ ಆಂಟೆನಾ. 2014ರಲ್ಲಿ ಮಂಗಳಯಾನ ಮಂಗಳ ಗ್ರಹ ಮುಟ್ಟಿದ ಮೇಲೆ 20 ಕೋಟಿ ಕಿಲೋಮೀಟರ್‌ಗೂ ಜಾಸ್ತಿ ದೂರದಿಂದ ಅದರ ಮಾತು ಕೇಳಿಸಿಕೊಂಡದ್ದು ಇಲ್ಲಿಂದ. ಸಾಲದ್ದಕ್ಕೆ ನಮ್ಮದೇ ನಾವಿಕ್ ಉಪಗ್ರಹಗಳನ್ನು ನೋಡಿಕೊಳ್ಳುವ ಕೇಂದ್ರವೂ 2013ರಿಂದ ಇಲ್ಲೇ ಇದೆ. ಊರಿಗೆಲ್ಲ ದಾರಿ ತೋರಿಸುವವರ ಮನೆ ಬಾಗಿಲಲ್ಲಿ ನಾನು ದಾರಿ ತಪ್ಪಿ ನಿಂತಿದ್ದೆ.

ಸೈಕಲ್ ತಿರುಗಿಸಿದ ಕೂಡಲೇ ವಾಚು ಬಡಕೊಳ್ಳತೊಡಗಿತು. "ದಾರಿ ತಪ್ಪಿದ್ದೀರಿ." ಕಾಲೇಜು ದಿನಗಳಲ್ಲಿ ಅಮ್ಮ ಇದನ್ನು ಪುಕ್ಕಟೆ ಹೇಳುತ್ತಿದ್ದಳು. ಈಗ 30 ಸಾವಿರ ಕೊಟ್ಟು ಕೇಳಿಸಿಕೊಳ್ಳಬೇಕು.

ಮೇಕೆ ಹೊಡೆದುಕೊಂಡು ಬರುತ್ತಿದ್ದ ಅಜ್ಜ ನಿಂತರು. ಕೈ ನೋಡಿದರು.

"ಗಂಟೆ ಎಷ್ಟಪ್ಪಾ?"

ವಾಚು ನೋಡಿದೆ. ಗೆರೆ ಕಂಡಿತು. ಬಟನ್ ಒತ್ತಿದೆ. ಎದೆಬಡಿತ 142. ಇನ್ನೊಂದು ಬಟನ್ ಒತ್ತಿದೆ, ಸೂರ್ಯ ಮುಳುಗುವುದು ಯಾವಾಗ ಅಂತ ಬಂತು. ಮತ್ತೊಂದು ಒತ್ತಿದರೆ ಸವಾರಿ ನಿಲ್ಲಿಸಲಾ ಅಂತ ಕೇಳಿತು. ಬೇಡ ಅಂದೆ. ಎಷ್ಟು ಮೇಲೆ ಹತ್ತಿದೆ, ಎಷ್ಟು ಕ್ಯಾಲೊರಿ ಸುಟ್ಟೆ, ಉತ್ತರ ಯಾವ ಕಡೆ, ಎಲ್ಲ ಬಂತು. ಗಂಟೆ ಮಾತ್ರ ಬರಲಿಲ್ಲ. ಅಜ್ಜ ನನ್ನ ಮುಖ ನೋಡಿದರು, ವಾಚು ನೋಡಿದರು, ಆಮೇಲೆ ಆಕಾಶ ನೋಡಿದರು.

"ಎಂಟಾಗಿರ್ಬೇಕು ಬುಡು" ಅಂದರು. ನನ್ನನ್ನೇ ಸಮಾಧಾನ ಮಾಡುವ ಹಾಗಿತ್ತು.

ಅಪ್ಪನ ಕೈಯಲ್ಲಿ ಜಾಲಹಳ್ಳಿಯ ಎಚ್‌ಎಂಟಿ ಇತ್ತು. ಬೆಳಗಿನ ಕಾಫಿ ಆದ ಮೇಲೆ ಕೀ ಕೊಡೋರು. ಅದು ಗಂಟೆ ಮಾತ್ರ ಹೇಳುತ್ತಿತ್ತು. ದಾರಿ ಬೇಕಾದರೆ ಬಸ್ಸಿಳಿದು ಮನುಷ್ಯರನ್ನು ಕೇಳೋರು. ಕೇಳಿದವರ ಮನೆಯಲ್ಲಿ ಮಜ್ಜಿಗೆ ಕುಡಿದು, ಅವರ ಮಗಳ ಜಾತಕ ಜೇಬಲ್ಲಿಟ್ಟುಕೊಂಡು ಎರಡು ಗಂಟೆ ತಡವಾಗಿ ಬಂದದ್ದೂ ಇದೆ. ಆ ವಾಚು ಈಗಲೂ ನನ್ನ ಬೀರುವಿನಲ್ಲಿದೆ. ಕೀ ಕೊಟ್ಟು ವರ್ಷಗಳಾದವು.

ಮಂಚನಬೆಲೆಗೆ ದಾರಿ ಯಾವುದು ಅಂತ ಅಜ್ಜನನ್ನೇ ಕೇಳಿದೆ. "ಮುಂದೆ ಉಣಸೆ ತೋಪು ಸಿಕ್ತದೆ. ಬಲಕ್ಕೆ ಇಳ್ಕೊಂಡೋಗು. ನೀರು ಕಾಣ್ತದೆ." ಅಷ್ಟೇ. ತೋಪು ಸಿಕ್ಕಿತು, ಇಳಿದೆ. ಮಣ್ಣು ದಾರಿ, ಎರಡೂ ಕಡೆ ರಾಗಿ ಹೊಲ, ಒಂದೂ ನಾಯಿ ಇಲ್ಲ. ಇಡೀ ದಾರಿ ವಾಚು ಗುಂಯ್‌ಗುಟ್ಟುತ್ತಲೇ ಇತ್ತು, ನಾನು ಅದಕ್ಕೆ ಉತ್ತರ ಕೊಡಲಿಲ್ಲ. ನೀರು ಕಂಡಿತು. ಅಣೆಕಟ್ಟಿನ ಹತ್ತಿರದ ಟೀ ಅಂಗಡಿಯಲ್ಲಿ ನಮ್ಮವರೆಲ್ಲ ಆಗಲೇ ಎರಡನೇ ಟೀ ಕುಡಿಯುತ್ತಿದ್ದರು.

ಮೇಷ್ಟ್ರು ನನ್ನ ಕೈ ಹಿಡಿದು ವಾಚಿನ ಮೇಲೆ ಬಗ್ಗಿದರು. ಕನ್ನಡಕ ಮೇಲೆತ್ತಿ, ನಾನು ಬಂದ ಗೆರೆಯನ್ನು ನೋಡಿದರು.

"ಇದು ಚೆನ್ನಾಗಿದೆಯಲ್ರೀ. ಯಾರ ರೂಟು?"

"ನಿಮ್ಮದೇ ಸಾರ್. ನಿನ್ನೆ ಏಳು ಗಂಟೆಯದ್ದು."

"ಅದಲ್ಲ. ಬ್ಯಾಲಾಳಿನಿಂದ ಈಚೆ ಇಳಿದದ್ದು."

"ಅದು ಮೇಕೆ ಅಜ್ಜಂದು."

"ಮುಂದಿನ ವಾರಕ್ಕೆ ಇದೇ ಇರಲಿ. ಫೈಲ್ ಕಳಿಸಿ."

ಫೋನ್ ತೆಗೆದೆ. ಎಡಗೈಯಲ್ಲಿ ವಾಚು, ಬಲಗೈಯಲ್ಲಿ ಫೋನು. ಚಕ್ರ ತಿರುಗತೊಡಗಿತು. ನನಗೂ ಒಂದು ಟೀ ಹೇಳಿ ಅಂದೆ.