ಗೋಲ್ ಅಲ್ಲ, ಗೋವಿಂದ

ನಮ್ಮ ಮನೆ ಬೀರುವಿನಲ್ಲಿ, ಹೆಂಡತಿಯ ರೇಷ್ಮೆ ಸೀರೆಗಳ ಕೆಳಗೆ, ನನ್ನದೊಂದು ಹೊಚ್ಚ ಹೊಸ ಪಾಸ್‌ಪೋರ್ಟ್ ಇದೆ. ಒಂದೇ ಒಂದು ಮುದ್ರೆಯೂ ಬಿದ್ದಿಲ್ಲ. ಅದನ್ನು ಮಾಡಿಸಿದ್ದು ಸೌದಿ ಅರೇಬಿಯಾಕ್ಕೆ ಹೋಗಲು. ಕೆಲಸಕ್ಕಲ್ಲ, 2027ರ ಜನವರಿಯಲ್ಲಿ ಅಲ್ಲಿ ನಡೆಯುವ ಏಷ್ಯಾ ಕಪ್‌ನಲ್ಲಿ ಭಾರತ ಫುಟ್‌ಬಾಲ್ ಆಡುವುದನ್ನು ನೋಡಲು. ವಿಷಯ ಗೊತ್ತಿದ್ದವರು ಇಷ್ಟಕ್ಕೇ ನಗುತ್ತಾರೆ. ಗೊತ್ತಿಲ್ಲದವರಿಗಾಗಿ ಮೊದಲಿನಿಂದ ಹೇಳುತ್ತೇನೆ.

2024ರ ಡಿಸೆಂಬರ್ 9. ಅರ್ಹತಾ ಸುತ್ತಿಗೆ ಯಾರ ಜೊತೆ ಯಾರು ಅಂತ ಚೀಟಿ ಎತ್ತಿದ ದಿನ. ನಮ್ಮ ಪಾಲಿಗೆ ಬಂದದ್ದು ಹಾಂಗ್‌ಕಾಂಗ್, ಸಿಂಗಪುರ, ಬಾಂಗ್ಲಾದೇಶ. ಆಗ ನಮ್ಮ ರ್‍ಯಾಂಕು 127, ಅವರದು 156, 161, 185. ಬಸವನಗುಡಿಯ ನಮ್ಮ ಖಾಯಂ ದರ್ಶಿನಿಯ ಮುಂದೆ, ಸ್ಟೀಲ್ ಟೇಬಲ್ಲಿನ ಸುತ್ತ ಹಬ್ಬದ ಕಳೆ. ನನ್ನ ಷಡ್ಡಕ ಒಬ್ಬ ಆಡಿಟರ್ ಆಫೀಸಿನಲ್ಲಿ ಲೆಕ್ಕ ಬರೆಯುವವನು. ವಡೆಯ ಎಣ್ಣೆ ಬಿದ್ದಿದ್ದ ಬಿಲ್ಲನ್ನು ತಿರುವಿ ಹಾಕಿ ಶುರು ಮಾಡಿದ.

“ಭಾವ, ಆರು ಮ್ಯಾಚು. ಒಟ್ಟು 18 ಪಾಯಿಂಟು. ಎಲ್ಲೋ ಒಂದು ಡ್ರಾ ಅಂತ ಇಟ್ಕೊಳ್ಳಿ, 16. ಗುಂಪಿಗೆ ಒಬ್ಬರೇ ಹೋಗೋದು, ಆ ಒಬ್ಬರು ನಾವೇ. ಟಿಕೆಟ್ ಈಗಲೇ ನೋಡಿದ್ರೆ ಅಗ್ಗ.”

ನಮ್ಮ ಕೂಟದ ಹಿರಿಯರನ್ನು ಎಲ್ಲರೂ ಐಟಿಐ ಯಜಮಾನರು ಅನ್ನುತ್ತೇವೆ. ದೂರವಾಣಿನಗರದ ಐಟಿಐ ಟೆಲಿಫೋನ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಕಾರ್ಖಾನೆಗಳ ತಂಡಗಳು ಆಡುತ್ತಿದ್ದ ಕಾಲದ ಫುಟ್‌ಬಾಲ್ ನೋಡಿ ಬೆಳೆದವರು. ಅವರು ಕಾಫಿ ಆರಿಸುತ್ತಾ, “ಸುಲಭದ ಗುಂಪು ಅಂದ್ರೆ 1950ರದು ಕಣಯ್ಯಾ” ಅಂದರು. “ವರ್ಲ್ಡ್ ಕಪ್ಪಿಗೆ ನಮ್ಮ ಗುಂಪಲ್ಲಿದ್ದದ್ದು ಬರ್ಮಾ, ಇಂಡೋನೇಷ್ಯಾ, ಫಿಲಿಪ್ಪೀನ್ಸ್. ಮೂವರೂ ಹಿಂದೆ ಸರಿದರು. ಚೆಂಡು ಮುಟ್ಟದೇ ಕ್ವಾಲಿಫೈ ಆದ್ವಿ.”

“ಆಮೇಲೆ?”

“ಆಮೇಲೇನು, ನಾವೂ ಹೋಗಲಿಲ್ಲ.”

ಷಡ್ಡಕನಿಗೆ ಇದರಿಂದ ಎಳ್ಳಷ್ಟೂ ಬೇಜಾರಾಗಲಿಲ್ಲ. ಅವನ ಬಳಿ 2017ರ ಅಕ್ಟೋಬರ್ 11 ಇತ್ತು. ಅಂದು ಕಂಠೀರವದಲ್ಲಿ ಮಕಾವ್ ತಂಡವನ್ನು 4-1ರಿಂದ ಸೋಲಿಸಿ 2019ರ ಏಷ್ಯಾ ಕಪ್ಪಿಗೆ ಹೋದೆವಲ್ಲ, ಆಗ ನಾವಿಬ್ಬರೂ ಸ್ಟ್ಯಾಂಡಿನಲ್ಲೇ ಇದ್ದೆವು. ಆ ನಾಲ್ಕರಲ್ಲಿ ಒಂದು ಗೋಲು ಮಕಾವ್‌ನವರೇ ತಮ್ಮ ಬಲೆಗೆ ಹೊಡೆದುಕೊಂಡದ್ದು. ಈ ಸಂಗತಿಯನ್ನು ನಾವಿಬ್ಬರೂ ಎಲ್ಲೂ ಬಾಯಿಬಿಡುವುದಿಲ್ಲ. ಷಡ್ಡಕರ ನಡುವೆ ಇಂಥ ಕೆಲವು ಒಪ್ಪಂದಗಳಿರುತ್ತವೆ.

ಅವತ್ತೇ ರಾತ್ರಿ ಸಿಂಗಪುರದಿಂದ ತಂಗಿಯ ಫೋನು. ಅವಳಿಗೆ ಫುಟ್‌ಬಾಲೂ ಒಂದೇ, ಕುಂಬಳಕಾಯಿಯೂ ಒಂದೇ. “ಅಣ್ಣಾ, ನಮ್ಮ ಆಫೀಸಲ್ಲಿ ಇವತ್ತು ಎಲ್ಲಾ ಖುಷಿಯಾಗಿದ್ರು. ಅದೇನೋ ಫುಟ್‌ಬಾಲ್ ಗುಂಪಂತೆ, ತುಂಬಾ ಸುಲಭದ್ದು ಸಿಕ್ಕಿತಂತೆ.”

“ಯಾರ್‍ಯಾರು ಇದ್ದಾರಂತೆ?”

“ನೀವೇ ಅಂತಲ್ಲ!”

ಹೆಣ್ಣು ನೋಡುವ ಶಾಸ್ತ್ರ ಮುಗಿಸಿ ಗಂಡಿನ ಕಡೆಯವರು ಆಟೋದಲ್ಲಿ, ಹೆಣ್ಣಿನ ಕಡೆಯವರು ಅಡುಗೆಮನೆಯಲ್ಲಿ, ಒಂದೇ ಹೊತ್ತಿಗೆ “ಪಾಪದ ಜನ, ಹೇಗೋ ನಡೆಯುತ್ತೆ” ಅಂದುಕೊಂಡ ಹಾಗಾಯಿತು. ಈ ಫೋನಿನ ಸಮಾಚಾರವನ್ನು ದರ್ಶಿನಿಯಲ್ಲಿ ನಾನು ಹೇಳಲಿಲ್ಲ. ಆವತ್ತೇ ಹೇಳಿದ್ದರೆ ಪಾಸ್‌ಪೋರ್ಟ್ ಫೀಸು ಉಳಿಯುತ್ತಿತ್ತು.

ಮೊದಲ ಪಂದ್ಯ 2025ರ ಮಾರ್ಚ್ 25ಕ್ಕೆ, ಶಿಲ್ಲಾಂಗಿನಲ್ಲಿ, ಬಾಂಗ್ಲಾದೇಶದ ಮೇಲೆ. ಹಿಂದಿನ ವರ್ಷ ಕೊಲ್ಕತ್ತಾದಲ್ಲಿ ಕಣ್ಣೀರು ಹಾಕಿಸಿ ನಿವೃತ್ತನಾಗಿದ್ದ ಸುನಿಲ್ ಛೆಟ್ರಿ ನಲವತ್ತರ ವಯಸ್ಸಿನಲ್ಲಿ ಮತ್ತೆ ತಂಡಕ್ಕೆ ಬಂದಿದ್ದ. ಆ ಕಡೆ ಲೀಸ್ಟರ್ ಸಿಟಿಯ ಹಂಝಾ ಚೌಧರಿ ಮೊದಲ ಸಲ ಬಾಂಗ್ಲಾ ಅಂಗಿ ತೊಟ್ಟಿದ್ದ. ನಾನು ಫೋನನ್ನು ಕಾಫಿ ಫಿಲ್ಟರಿಗೆ ಒರಗಿಸಿ ಅಡುಗೆಮನೆಯಲ್ಲೇ ನಿಂತೆ, ಹಾಲು ನೋಡಿಕೊಳ್ಳುವ ಕರಾರಿನ ಮೇಲೆ. ತೊಂಬತ್ತು ನಿಮಿಷದಲ್ಲಿ ಗೆರೆ ದಾಟಿದ್ದು ಹಾಲು ಮಾತ್ರ. 0-0.

“16 ಅಂದಿದ್ನಲ್ಲ ಭಾವ, ಆ ಒಂದು ಡ್ರಾ ಇದೇ” ಅಂತ ಷಡ್ಡಕ ಬಿಲ್ಲಿನ ಮೇಲೆ ಟಿಕ್ ಹಾಕಿದ. ಲೆಕ್ಕ ಕರಾರುವಾಕ್ಕಾಗಿ ನಡೆಯುತ್ತಿತ್ತು.

ಜೂನ್ 10, ಹಾಂಗ್‌ಕಾಂಗ್. ಅವರ ಹೊಸ ಕೈ ತಕ್ ಕ್ರೀಡಾಂಗಣ. ತೊಂಬತ್ತು ನಿಮಿಷ ಮುಗಿದು ಹೆಚ್ಚುವರಿ ಸಮಯ ನಡೆಯುತ್ತಿತ್ತು, ಇನ್ನೂ 0-0. ಹೊರಗಿನ ನೆಲದಲ್ಲಿ ಒಂದು ಪಾಯಿಂಟ್, ಪರವಾಗಿಲ್ಲ ಅಂದುಕೊಂಡು ಕಸದ ಡಬ್ಬಿ ಹಿಡಿದು ಲಿಫ್ಟಿನೊಳಗೆ ಹೋದೆ. ನಮ್ಮ ಲಿಫ್ಟಿನಲ್ಲಿ ಸಿಗ್ನಲ್ ಬರುವುದಿಲ್ಲ. ನಾಲ್ಕನೇ ಮಹಡಿಯಿಂದ ಕೆಳಗಿಳಿದು, ಕಸ ಹಾಕಿ, ಸೆಕ್ಯುರಿಟಿಯವನಿಗೆ “ಡ್ರಾ ಆಯ್ತಪ್ಪಾ, ಚೆನ್ನಾಗೇ ಆಡಿದರು” ಅಂತ ವಿಶ್ಲೇಷಣೆಯನ್ನೂ ಕೊಟ್ಟು ಮೇಲೆ ಬಂದೆ. ಅಷ್ಟರಲ್ಲಿ ಅವರಿಗೆ ಪೆನಾಲ್ಟಿ ಸಿಕ್ಕಿ, ಗೋಲಾಗಿ, ಪಂದ್ಯ ಮುಗಿದು, ಟಿವಿಯಲ್ಲಿ ಬನಿಯನ್ನಿನ ಜಾಹೀರಾತು ಬರುತ್ತಿತ್ತು. 94ನೇ ನಿಮಿಷ. ಹಸಿ ಕಸ, ಒಣ ಕಸ ಅಂತ ಬೇರೆ ಮಾಡದೆ ಹೋಗಿದ್ದರೆ ಅದನ್ನಾದರೂ ನೋಡಿರುತ್ತಿದ್ದೆ. ಆಮೇಲೆ ಒಂದು ವಾರ ಆ ಸೆಕ್ಯುರಿಟಿಯವನು ನನ್ನನ್ನು ಕಂಡಾಗಲೆಲ್ಲ “ಡ್ರಾ ಅಲ್ವಾ ಸಾರ್?” ಅಂತ ಬಾಗಿಲು ತೆಗೆಯುತ್ತಿದ್ದ.

ನಮ್ಮ ಟೇಬಲ್ಲಿನ ಸುತ್ತ ಚರ್ಚೆ ಬಿಸಿಯೇರಿದ್ದು ಆವಾಗಲೇ. 2023ರ ಜುಲೈನಲ್ಲಿ, ಇದೇ ಊರಲ್ಲಿ ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಕಪ್ ಗೆದ್ದ ಬೆನ್ನಿಗೆ, ನಾವು 99ನೇ ರ್‍ಯಾಂಕಿಗೆ ಏರಿದ್ದೆವು. ಆ ಟೂರ್ನಿಯಲ್ಲಿ ಪಾಕಿಸ್ತಾನವನ್ನು 4-0 ಹೊಡೆದ ರಾತ್ರಿ ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ ನಾನೂ ಕಂಠೀರವದಲ್ಲಿದ್ದೆ. ನಮ್ಮ ಕೋಚ್ ಸ್ಟಿಮಾಚ್ ಎದುರಾಳಿಯ ಥ್ರೋಗೆ ಅಡ್ಡ ಬಂದು ಚೆಂಡು ಕಿತ್ತುಕೊಂಡು ಕೆಂಪು ಕಾರ್ಡ್ ತಿಂದದ್ದನ್ನು ಕಣ್ಣಾರೆ ಕಂಡಿದ್ದೇನೆ. ಅಲ್ಲಿಂದ ಇಲ್ಲಿಗೆ ಹೇಗೆ ಬಂದೆವು? ಆಟೋ ಓಡಿಸುವ ನಮ್ಮ ಗೆಳೆಯ, ಆಸ್ಟಿನ್ ಟೌನ್ ಮೈದಾನದ ಮಗ್ಗುಲಲ್ಲೇ ಹುಟ್ಟಿದವನು, ಕೋಚ್ ಸರಿಯಿಲ್ಲ ಅಂದ. ಷಡ್ಡಕ, ಗೋಲು ಹೊಡೆಯುವವರಿಲ್ಲ ಅಂದ. ನಾನು ಎಲ್ಲರ ಹಾಗೆ, 140 ಕೋಟಿ ಜನರಲ್ಲಿ ಹನ್ನೊಂದು ಜನ ಸಿಗುವುದಿಲ್ಲವೇ ಅಂತ ಕೇಳಿದೆ.

ಯಜಮಾನರು ನನ್ನನ್ನು ಕನ್ನಡಕದ ಮೇಲಿಂದ ನೋಡಿದರು. “ನಿನ್ನ ಮಗ ಏನಾಡ್ತಾನೆ?”

“ಕ್ರಿಕೆಟ್ ಕೋಚಿಂಗಿಗೆ ಹೋಗ್ತಾನೆ.”

“ಸರಿ. ಒಂದು ಕಳೀತು. ಮುಂದಿನವರು?”

ಷಡ್ಡಕನ ಮಗಳು ಚೆಸ್. ಅದೂ ಕಳೆಯಿತು. ಕಾಫಿ ಕೊಡುವ ಹುಡುಗನೂ ಲೆಗ್ ಸ್ಪಿನ್ನರಂತೆ. ಆಟೋ ಗೆಳೆಯನ ಮಗನೊಬ್ಬ ಉಳಿದ, ಅವನು ಗೋಲ್ ಕೀಪರ್. ಒಂದು ಟೇಬಲ್ಲಿಗೆ ಒಬ್ಬ. ಆ ಲೆಕ್ಕದಲ್ಲಿ ದೇಶಕ್ಕೆ ತಂಡ ಧಾರಾಳ ಆಗಬೇಕು ಅಂತ ಷಡ್ಡಕ ಬಿಲ್ಲು ಎತ್ತಿಕೊಳ್ಳುತ್ತಿದ್ದ, ಯಜಮಾನರು ಪೆನ್ನು ಕಿತ್ತುಕೊಂಡರು.

ಆಗಸ್ಟಿನಲ್ಲಿ ಖಾಲಿದ್ ಜಮೀಲ್ ಕೋಚ್ ಆದರು. ಸೆಪ್ಟೆಂಬರ್ 8ಕ್ಕೆ, ತಜಿಕಿಸ್ತಾನದಲ್ಲಿ ನಡೆದ, ಮಧ್ಯ ಏಷ್ಯಾದವರ ಕಾಫಾ ನೇಷನ್ಸ್ ಕಪ್ಪಿನಲ್ಲಿ ಒಮಾನ್ ತಂಡವನ್ನು ಪೆನಾಲ್ಟಿಯಲ್ಲಿ ಸೋಲಿಸಿ ಮೂರನೇ ಸ್ಥಾನ. ಒಮಾನ್ ನಮಗಿಂತ ಎಷ್ಟೋ ಮೆಟ್ಟಿಲು ಮೇಲಿನ ತಂಡ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಗ್ಗೆದ್ದು ಪಾಸ್‌ಪೋರ್ಟಿಗೆ ಅರ್ಜಿ ಹಾಕಿದೆ. ಹಳೆಯದರ ಅವಧಿ ಮುಗಿದು ಮೂರು ವರ್ಷವಾಗಿತ್ತು. ಹೆಂಡತಿ ಕೇಳಿದ್ದು ಒಂದೇ ಮಾತು: “ಅವರಿಗೆ ಟಿಕೆಟ್ ಸಿಗ್ಲಿ, ಆಮೇಲೆ ನೀವು ತಗೊಂಡ್ರಾಗಲ್ವೇನ್ರೀ?” ಬಿಲ್ಲಿನ ಹಿಂದೆ ಷಡ್ಡಕ ಬರೆದ ಯಾವ ಲೆಕ್ಕವೂ ಈ ಮಾತಿನಷ್ಟು ಸರಿಯಾಗಿರಲಿಲ್ಲ.

ಅಕ್ಟೋಬರ್ 9 ಬಂತು. ಸಿಂಗಪುರದಲ್ಲಿ ಪಂದ್ಯ, ನಮಗೆ ಸಂಜೆ. ಆದರೆ ಅವತ್ತು ಗುರುವಾರ. ಗುರುವಾರ ಸಂಜೆ ನಮ್ಮ ಮನೆಯವರೆಲ್ಲ ರಾಯರ ಮಠಕ್ಕೆ ಹೋಗುವುದು ನನ್ನ ಮದುವೆಗೂ ಹಿಂದಿನ ಪದ್ಧತಿ. ಶಲ್ಯ ಹೊದ್ದು, ಶಲ್ಯದ ಅಂಚನ್ನು ಬಲಗಿವಿಯ ಮೇಲೆ ಎಳೆದುಕೊಂಡು, ಒಳಗೊಂದು ಇಯರ್‌ಬಡ್ ಸಿಕ್ಕಿಸಿ ಸಾಲಿನಲ್ಲಿ ನಿಂತೆ. ನೆಗಡಿ ಅಂತ ಕೇಳಿದವರಿಗೆಲ್ಲ ಹೇಳಿದ್ದಾಯಿತು. ಮೊದಲರ್ಧದ ಕೊನೆಯಲ್ಲಿ ಸಿಂಗಪುರದ ಇಖ್ಸಾನ್ ಫಾಂಡಿ ಗೋಲು ಹೊಡೆದ. ಎರಡನೇ ಅರ್ಧ ಶುರುವಾಗುತ್ತಿದ್ದ ಹಾಗೇ ನಮ್ಮ ಸಂದೇಶ್ ಜಿಂಗನ್‌ಗೆ ಕೆಂಪು ಕಾರ್ಡ್. ಹತ್ತೇ ಜನ. ನಾನು ಆ ಸಂಜೆ ಹಾಕಿದ ಪ್ರದಕ್ಷಿಣೆ ನೋಡಿ ಅತ್ತೆಯವರಿಗೆ ನನ್ನ ಮೇಲಿದ್ದ ಅಭಿಪ್ರಾಯವೇ ಬದಲಾಯಿತು.

ಸರಿಯಾಗಿ ಮಂಗಳಾರತಿ ಎತ್ತುವ ಹೊತ್ತು. ಗಂಟೆ, ಜಾಗಟೆ. ಕಿವಿಯೊಳಗೆ ವೀಕ್ಷಕ ವಿವರಣೆಗಾರ ಕಿರುಚಿದ: 90ನೇ ನಿಮಿಷ, ರಹೀಮ್ ಅಲಿ! ನನ್ನ ಎರಡೂ ಕೈ ತಾವಾಗಿಯೇ ಮೇಲೆ ಹೋದವು. “ಗೋ...” ಅಂತ ಬಾಯಿಂದ ಹೊರಟೇಬಿಟ್ಟಿತು. ಜಾಗಟೆ ನಿಂತಿದ್ದೂ ಅದೇ ಗಳಿಗೆ. ಮಠಕ್ಕೆ ಮಠವೇ ತಿರುಗಿ ನೋಡಿತು. ಹೆಂಡತಿಯ ಕಣ್ಣು ಕಂಡಿತು. ಉಸಿರು ಹಿಡಿದು ಆ ‘ಗೋ’ವನ್ನು ಎಳೆದೆ, ಎಳೆದೆ, ಕೊನೆಗೆ “...ವಿಂದಾ ಗೋವಿಂದ!” ಅಂತ ಮುಗಿಸಿದೆ. ಇನ್ನೂರು ಜನ ಒಕ್ಕೊರಲಿನಿಂದ “ಗೋವಿಂದಾ ಗೋವಿಂದ!” ಅಂದರು. ಭಾರತ ತಂಡದ ಒಂದು ಗೋಲಿಗೆ ಬಸವನಗುಡಿಯಲ್ಲಿ ಅಷ್ಟು ಜನ ಒಟ್ಟಿಗೆ ಜೈಕಾರ ಹಾಕಿದ್ದು ಅದೇ ಮೊದಲಿರಬೇಕು. ಆಚಾರ್ಯರು ನನ್ನನ್ನು ಹತ್ತಿರ ಕರೆದು ಒಂದು ಹೂವು ಹೆಚ್ಚಿಗೆ ಕೊಟ್ಟರು. ಕಿವಿಗೇ ಇಟ್ಟುಕೊಂಡೆ, ಎಡಗಿವಿಗೆ.

ಗೋವಿಂದನ ಹೆಸರನ್ನು ಕನ್ನಡಿಗರು ಎರಡು ಅರ್ಥದಲ್ಲಿ ಬಳಸುತ್ತಾರೆ ಅನ್ನುವುದು ನನಗೆ ಹೊಳೆದದ್ದು ಐದು ದಿನ ಬಿಟ್ಟು. ಅಕ್ಟೋಬರ್ 14ರಂದು ಗೋವಾದ ಫತೋರ್ಡಾದಲ್ಲಿ ಅದೇ ಸಿಂಗಪುರದ ಮೇಲೆ ನಮ್ಮ ಛಾಂಗ್ಟೆ 14ನೇ ನಿಮಿಷಕ್ಕೇ ಗೋಲು ಹೊಡೆದ. ಷಡ್ಡಕ ಫೋನ್ ಮಾಡಿ “ಭಾವ, ಇನ್ನು ತೊಂದರೆಯಿಲ್ಲ” ಅಂದ. ಆಮೇಲೆ ಅವರ ಸಾಂಗ್ ಉಯ್-ಯಂಗ್ ಎರಡು ಹೊಡೆದ. 1-2. ಹೆಂಡತಿ ಒಳಗಿನಿಂದ “ಏನಾಯ್ತ್ರೀ?” ಅಂದಳು. “ಗೋವಿಂದ” ಅಂದೆ.

ಷಡ್ಡಕ ಮಾತ್ರ ಬಿಡಲಿಲ್ಲ. ನಾಲ್ಕು ಪಂದ್ಯಕ್ಕೆ ನಮ್ಮದು 2 ಅಂಕ. ಉಳಿದೆರಡನ್ನು ಗೆದ್ದರೆ 8. ಸಿಂಗಪುರ, ಹಾಂಗ್‌ಕಾಂಗ್ ಆಗಲೇ ತಲಾ 8. ಅವರಿಬ್ಬರ ನಡುವೆ ಇನ್ನೊಂದು ಪಂದ್ಯ ಬಾಕಿಯಿತ್ತು, ಯಾರು ಗೆದ್ದರೂ, ಸಮ ಮಾಡಿಕೊಂಡರೂ ನಾವು ಹೊರಗೆ. ಬಿಲ್ಲನ್ನು ಆಚೆ ಈಚೆ ತಿರುಗಿಸಿ ನೋಡಿದ. “ಭಾವ, ಅವರ ಮ್ಯಾಚಿಗೆ ಮಳೆ ಬಂದು ನಿಂತುಹೋದ್ರೆ?”

“ಇದು ಕ್ರಿಕೆಟ್ಟಲ್ಲಪ್ಪಾ” ಅಂದರು ಯಜಮಾನರು, ಮಗುವಿಗೆ ಹೇಳುವ ದನಿಯಲ್ಲಿ.

ಅದರ ಮಾರನೇ ಬೆಳಗ್ಗೆಯೇ ಪಾಸ್‌ಪೋರ್ಟ್ ಪರಿಶೀಲನೆಗೆ ಪೊಲೀಸಿನವರೊಬ್ಬರು ಮನೆಗೆ ಬರಬೇಕೆ? ಆಧಾರ್ ನೋಡಿದರು, ಕಾಫಿ ಕುಡಿದರು, ಸುಮ್ಮನೆ ಮಾತಿಗೆ ಅಂತ “ಎಲ್ಲಿಗೆ ಸಾರ್ ಪ್ರಯಾಣ?” ಅಂದರು.

“ಸೌದಿಗೆ.”

“ಉಮ್ರಾಗೆ ಅಲ್ವಲ್ಲ” ಅಂತ ಗೋಡೆಯ ಮೇಲಿನ ರಾಯರ ಫೋಟೋ ನೋಡಿದರು. “ಕೆಲಸಕ್ಕಾ?”

“ಅಲ್ಲ, ಏಷ್ಯಾ ಕಪ್ಪು. ಫುಟ್‌ಬಾಲ್.”

ಲೋಟ ಕೆಳಗಿಟ್ಟರು. “ಸಾರ್, ನಿನ್ನೆ ಮ್ಯಾಚ್ ನೋಡ್ಲಿಲ್ವಾ?”

ಗೌತಮಪುರದವರಂತೆ. ಹಲಸೂರಿನ ಆ ಬೀದಿಯಲ್ಲಿ ಪೆಲೆಯ ಪ್ರತಿಮೆಯೇ ಇದೆ. ಮುಕ್ಕಾಲು ಗಂಟೆ ಕೂತರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬರಿಗಾಲಲ್ಲಿ ಆಡಿ ಫ್ರಾನ್ಸ್‌ಗೆ 1-2 ಸೋತಾಗ ನಮ್ಮ ಆ ಒಂದು ಗೋಲು ಹೊಡೆದದ್ದು ನಮ್ಮೂರಿನ ರಾಮನ್, ಆ ಪಂದ್ಯದಲ್ಲಿ ಎರಡು ಪೆನಾಲ್ಟಿ ಹಾಳು ಮಾಡದಿದ್ದರೆ ಗೆದ್ದೇಬಿಡುತ್ತಿದ್ದೆವು ಅಂತ, ನಿನ್ನೆಯ ಸೋಲಿನಷ್ಟೇ ಹಸಿಯಾಗಿ ಹೇಳಿಕೊಂಡರು. ಈ ವರ್ಷ ನಮ್ಮ ದೇಶದ ದೊಡ್ಡ ಲೀಗ್ ಐಎಸ್‌ಎಲ್ ಶುರುವೇ ಆಗಿಲ್ಲ, ಒಪ್ಪಂದದ ಗೊಂದಲದಲ್ಲಿ ನಿಂತಿದೆ, ಹುಡುಗರು ಆಡದೆ ಆಟ ಎಲ್ಲಿಂದ ಬರಬೇಕು ಅಂದರು. ಎದ್ದು ಹೋಗುವಾಗ ಅರ್ಜಿಯ ಮೇಲೆ ಸಹಿ ಹಾಕಿ, ನನ್ನ ಭುಜ ತಟ್ಟಿ, “ಕ್ಯಾರೆಕ್ಟರ್ ಒಳ್ಳೇದು ಸಾರ್, ಲಕ್ ಸರಿಯಿಲ್ಲ” ಅಂದರು.

ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಇನ್ನೊಬ್ಬರಿಗೂ ಹೊಸ ಭಾರತೀಯ ಪಾಸ್‌ಪೋರ್ಟ್ ಬಂತು. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್, ಆಸ್ಟ್ರೇಲಿಯಾದ ಪೌರತ್ವ ಬಿಟ್ಟು ನಮ್ಮದನ್ನು ಪಡೆದವರು. ಅವರಿಗೆ ಪಾಸ್‌ಪೋರ್ಟ್ ಕೈಗಿತ್ತದ್ದು ಸುನಿಲ್ ಛೆಟ್ರಿ. ಆದರೂ ಬೇಕಾದ ಇನ್ನೊಂದು ಕಾಗದ ಸಮಯಕ್ಕೆ ಬಾರದೆ ಢಾಕಾದಲ್ಲಿ ಆಡಲಾಗಲಿಲ್ಲ. ನನಗೆ ನನ್ನದನ್ನು ಕೊಟ್ಟದ್ದು ಪೋಸ್ಟ್‌ಮ್ಯಾನ್. ಪಾಸ್‌ಪೋರ್ಟ್ ಇದ್ದೂ ಹೋಗಲಾಗದವರ ಪಟ್ಟಿಯಲ್ಲಿ ನನ್ನ ಜೊತೆಗೆ ಒಬ್ಬ ಅಂತರರಾಷ್ಟ್ರೀಯ ಆಟಗಾರ ಇದ್ದಾರೆ ಅನ್ನುವ ಸಮಾಧಾನವನ್ನು ಹೆಂಡತಿ ಒಪ್ಪಲಿಲ್ಲ.

ನವೆಂಬರ್ 18ರ ಢಾಕಾ ಪಂದ್ಯ ಲೆಕ್ಕಕ್ಕಿಲ್ಲದ್ದು. ಆದರೂ ನೋಡಿದೆ. ಮೇಲಿನ ಮನೆಯ ಹುಡುಗರ ಇಂಟರ್‌ನೆಟ್ಟು ನಮ್ಮದಕ್ಕಿಂತ ಇಪ್ಪತ್ತು ಸೆಕೆಂಡು ಮುಂದೆ. ಹನ್ನೊಂದನೇ ನಿಮಿಷದ ಹತ್ತಿರ ಮೇಲಿಂದ “ಅಯ್ಯೋ!” ಅಂತ ಕೇಳಿಸಿತು. ನನ್ನ ಪರದೆಯಲ್ಲಿ ಬಾಂಗ್ಲಾದವರು ಇನ್ನೂ ತಮ್ಮ ಅರ್ಧದಲ್ಲೇ ಇದ್ದರು. ಮುಂದೇನಾಗುತ್ತದೆ ಅಂತ ಗೊತ್ತಿದ್ದೂ, ಮೋರ್ಸಲಿನ್ ಓಡಿ ಬಂದು ಹೊಡೆಯುವವರೆಗೆ “ಹಿಡಿ, ಹಿಡಿ” ಅಂತ ಕೂಗಿದೆ. 0-1. ಬಾಂಗ್ಲಾದೇಶ ನಮ್ಮನ್ನು ಸೋಲಿಸಿದ್ದು 2003ರ ನಂತರ ಅದೇ ಮೊದಲು. ಅತ್ತ ಸಿಂಗಪುರ ಹಾಂಗ್‌ಕಾಂಗನ್ನು 2-1 ಸೋಲಿಸಿ ಸೌದಿಗೆ ಟಿಕೆಟ್ ಪಡೆಯಿತು. ನಮ್ಮ ರ್‍ಯಾಂಕು 142ಕ್ಕೆ ಇಳಿಯಿತು.

ಮರುದಿನ ದರ್ಶಿನಿಯಲ್ಲಿ ಷಡ್ಡಕ ನನ್ನ ಪಾಸ್‌ಪೋರ್ಟನ್ನು ಕೈಗೆತ್ತಿಕೊಂಡು, ಮೊದಲ ಪುಟ ಬೆಳಕಿಗೆ ಹಿಡಿದು ನೋಡಿದ. “ಭಾವ, 2035ರ ತನಕ ಇದೆ! ಮಧ್ಯದಲ್ಲಿ 2031ರ ಕಪ್ಪು ಬರುತ್ತಲ್ಲ. ಈ ಸಲ ಚೀಟಿ ಎತ್ತೋವಾಗ ನಾವು ದೊಡ್ಡ ತಂಡಗಳ ಮೊದಲನೇ ಪಾಟಲ್ಲಿ ಇರಲ್ಲ. ಇನ್ಯಾವುದೋ ದೊಡ್ಡ ತಂಡ ಬಂದು ನಮ್ಮ ಗುಂಪಲ್ಲಿ ಕೂತ್ಕೊಳ್ಳುತ್ತೆ. ಅದು ನಮ್ಮನ್ನ ಸಲೀಸು ಅಂದ್ಕೊಂಡು ಮೈಮರೆಯುತ್ತೆ. ಅಲ್ಲಿ ಮೂರು ಪಾಯಿಂಟು...” ಅಂತ ಜೇಬಿನಲ್ಲಿ ಬಿಲ್ಲು ತಡಕಿದ. ಯಜಮಾನರು ಕಾಫಿ ಹುಡುಗನಿಗೆ ಬಿಲ್ಲು ಕೊಡಬೇಡ ಅಂತ ಕಣ್ಣಲ್ಲೇ ಹೇಳಿದರು.

ಪಾಸ್‌ಪೋರ್ಟ್ ದಂಡವಾಗಬಾರದು, ಬೇಸಿಗೆ ರಜಕ್ಕೆ ಸಿಂಗಪುರಕ್ಕೆ ಹೋಗಿಬರೋಣ ಅಂತ ಹೆಂಡತಿ ಹಟ ಹಿಡಿದಿದ್ದಾಳೆ. ತಂಗಿಗೂ ಸಂಭ್ರಮ. ನಿನ್ನೆ ವಾಟ್ಸಾಪ್ ಮಾಡಿದ್ದಳು: “ಅಣ್ಣಾ, ಇಲ್ಲಿ ಎಲ್ಲರೂ ತಂಡದ ಕೆಂಪು ಜರ್ಸಿ ಹಾಕ್ಕೊಂಡು ಓಡಾಡ್ತಿದ್ದಾರೆ. ನಿನಗೂ ಒಂದು ತೆಗೆದಿಡ್ತೀನಿ. ಎಕ್ಸ್‌ಎಲ್ ಆಗುತ್ತೆ ತಾನೆ?”

ಇನ್ನೂ ಉತ್ತರ ಬರೆದಿಲ್ಲ. ಎಕ್ಸ್‌ಎಲ್ ಹೊಟ್ಟೆಯ ಹತ್ತಿರ ಸ್ವಲ್ಪ ಬಿಗಿಯಾಗುತ್ತದೆ.